ಹೆಸ್ಟರಳನ್ನು ಇಳಿಸಿದ ಚಪ್ಪಡಿ

ನಮ್ಮೂರು ಕೆಲ್ಡ್‌ಬಿಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠ ಎಲ್ಲಿತ್ತು ಎಂದು ಕೇಳಿದವರಿಗೆ ನಾವು ಹಂದಿಗೂಡು ತೋರಿಸುತ್ತೇವೆ. ಶತಮಾನಗಳ ಹಿಂದೆ ರಾಜ ಅವರನ್ನು ಓಡಿಸಿ, ಚಾವಣಿಗೆ ಹೊದಿಸಿದ್ದ ಸೀಸವನ್ನೂ ಕಿತ್ತುಕೊಂಡು ಹೋದ. ಉಳಿದ ಕಲ್ಲನ್ನು ನಮ್ಮ ಹಿರಿಯರು ಗೋಡೆಗೆ, ಕೊಟ್ಟಿಗೆಗೆ ಹಾಕಿಕೊಂಡರು. ಮಠದ ಬಾಗಿಲ ಚಪ್ಪಡಿಯೊಂದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಇಲ್ಲಿ ಚರ್ಚಿಲ್ಲ, ಹೆಣವನ್ನು ಗುಡ್ಡದಾಚೆಯ ಚರ್ಚಿಗೆ ಹೊತ್ತೊಯ್ಯಬೇಕು. ಏರು ಹತ್ತುವ ಮುಂಚೆ ಶವಪೆಟ್ಟಿಗೆಯನ್ನು ಆ ಚಪ್ಪಡಿಯ ಮೇಲಿಳಿಸಿ, ಪ್ರತಿಯೊಬ್ಬರೂ ಸತ್ತವರ ಹೆಸರನ್ನು ಒಮ್ಮೆ ಕರೆಯುತ್ತೇವೆ. ಅದಿಲ್ಲದಿದ್ದರೆ ಊರು ಕಳಿಸಿಕೊಟ್ಟಂತಲ್ಲ, ಹೊರದಬ್ಬಿದಂತೆ.

ನನ್ನ ತಂಗಿ ಹೆಸ್ಟರ್ ತೀರಿಕೊಂಡ ಮಾರನೆಯ ಬೆಳಿಗ್ಗೆ ಅವಳ ಮಗ ಆಮೋಸ್ ಬಂದ.

"ದೊಡ್ಡಮ್ಮ, ಚಪ್ಪಡಿ ಇಲ್ಲ. ಮಠದ ಹೊಲ ಕೊಂಡ ಪೆಂಬರ್ಟನ್ ಕ್ರೇನ್ ತರಿಸಿ ಎತ್ತಿಸಿದ್ದಾನೆ."

"ಎಲ್ಲಿಗೆ?"

"ಅವನು ಬಾಡಿಗೆಗೆ ಕೊಡೋ ಮದುವೆ ಮಂಟಪಕ್ಕೆ. ಮೇಲೆ ವೈನ್ ಬಾಟ್ಲಿ ಜೋಡಿಸೋಕಂತೆ."

ಚಪ್ಪಡಿ ವಾಪಸ್ ಕೇಳಲು ಹೋದಾಗ ಪೆಂಬರ್ಟನ್ ನನಗೆ ಕುರ್ಚಿ ಕೊಟ್ಟ. "ನಿಮ್ಮ ಹಂದಿಗೂಡಲ್ಲೂ ಮಠದ ಕಲ್ಲೇ ಅಲ್ವಾ ಅಜ್ಜಿ? ನೀವು ತಗೊಂಡ್ರೆ ಪದ್ಧತಿ, ನಾನು ತಗೊಂಡ್ರೆ ಕಳ್ಳತನವಾ?"

"ನಮ್ಮ ಹಂದಿ ಯಾರ ಹೆಣಕ್ಕೂ ಅಡ್ಡ ಬಂದಿಲ್ಲ."

"ಶನಿವಾರ ಇಲ್ಲೊಂದು ಮದುವೆ ಇದೆ. ಆಮೇಲೆ ನೋಡೋಣ."

"ಶನಿವಾರವೇ ನನ್ನ ತಂಗಿಯ ಮಣ್ಣು."

"ಹಾಗಾದ್ರೆ ಹೊಸ ಕಲ್ಲು ಕೊಡಿಸ್ತೀನಿ. ಇದಕ್ಕಿಂತ ನುಣ್ಣಗಿರುತ್ತೆ."

ಬಹಳ ಮಾತು ನುಂಗಿಕೊಂಡು ಬಾಳಿದವಳು ನಾನು. ಇದು ಗಂಟಲಲ್ಲಿ ಇಳಿಯಲಿಲ್ಲ.

ಶನಿವಾರ ಚಪ್ಪಡಿಯಿದ್ದ ಜಾಗದಲ್ಲಿ ಬಿಳಿಚಿದ ಹುಲ್ಲಿನ ಗುಂಡಿ, ಎರೆಹುಳು. ಪೆಟ್ಟಿಗೆ ಹೊತ್ತಿದ್ದ ಪಕ್ಕದ ಮನೆಯ ವಿಲ್ಫ್ ಏದುಸಿರು ಬಿಡುತ್ತಿದ್ದ. "ಹೆಗಲು ಬಿದ್ದುಹೋಗ್ತಿದೆ ಅಕ್ಕಾ. ಈ ಗುಂಡಿಗೇ ಇಳಿಸಿಬಿಡೋಣ್ವಾ? ಹೆಸ್ಟರ್ ಏನೂ ಅನ್ನಲ್ಲ."

"ಬದುಕಿದ್ದಾಗ ಅವಳು ಸುಮ್ಮನಿದ್ದದ್ದು ಯಾವತ್ತು ನೋಡಿದೀಯ? ಮಂಟಪದ ಕಡೆ ತಿರುಗಿ."

ನಾವು ಒಳಗೆ ಹೋದಾಗ ಪಿಟೀಲು ನಿಂತಿತು. ಮದುವಣಗಿತ್ತಿ ಬಾಯಿಗೆ ಕೈಯಿಟ್ಟುಕೊಂಡಳು. ಪಾಪ, ಆ ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಚಪ್ಪಡಿಯ ಮೇಲಿದ್ದ ಬಾಟ್ಲಿಗಳನ್ನು ನೆಲದ ಮೇಲಿಟ್ಟೆ. ಚೆಲ್ಲಿದ್ದ ವೈನನ್ನು ನನ್ನ ಶಾಲಿನಿಂದ ಒರೆಸಿದೆ. ಪೆಟ್ಟಿಗೆ ಇಳಿಯಿತು.

"ಪೊಲೀಸರನ್ನ ಕರೀತೀನಿ" ಅಂದ ಪೆಂಬರ್ಟನ್.

"ಕರೀರಿ. ಅವರೂ ಒಂದ್ಸಲ ಹೆಸರು ಹೇಳಿ ಹೋಗಲಿ."

ಆಮೋಸ್ ಮೊದಲು ಅವಳ ಹೆಸರು ಕರೆದ, ಆಮೇಲೆ ವಿಲ್ಫ್, ಆಮೇಲೆ ಉಳಿದವರು. ಕೊನೆಗೆ ನಾನು ಕರೆದೆ. ಪೆಟ್ಟಿಗೆ ಮತ್ತೆ ಹೆಗಲೇರಿತು.

ಹೊರಡುವಾಗ ಪೆಂಬರ್ಟನ್‌ಗೆ ಹೇಳಿದೆ: "ಊರಲ್ಲಿ ಹಣ್ಣಾದವರು ಇನ್ನೂ ತುಂಬ ಇದ್ದೀವಿ ಸಾಹೇಬ್ರೇ. ನಿಮ್ಮ ಮಂಟಪದ ಮದುವೆ ದಿನ ತಪ್ಪಿಸಿ ಸಾಯೋರು ಯಾರೂ ಇಲ್ಲ."