ಮೊದಲ ಪುಟದ ಹೆಣ್ಣು

"ಇಂಟರ್ನೆಟ್ಟಿಗಾ? ಅಬ್ಯೋ, ಬ್ಯಾಡ ಮಾರಾಯ್ತಿ! ಮದ್ಮಗಳ್ ಮೈಮೇಲಿದ್ದ ಬಂಗಾರ ಪೂರಾ ಕಾಂತ್ ಅಲ್ದಾ?"

"ಕಂಡ್ರೆ ಎಂತ ಆತ್ ಅಕ್ಕಾ? ಚಂದ ಇತ್ತಲ್ದಾ?"

"ಚಂದವೇ. ಆದ್ರೆ ಅದ್ ನಮ್ದಲ್ಲ ಕಾಣ್! ಅರ್ಧ ನನ್ ತಂಗಿದ್. ಅದ್ರ ಗಂಡ ಕಂಡ್ರೆ ನಂಗೆ ಗ್ರಾಚಾರ."

ಶರ್ಮಿಳಾ ಫೋನಿಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನು ತೆಗೆದ ಮದುವೆಯ ಫೋಟೋವನ್ನು ತನ್ನ ವೆಬ್‌ಪುಟಕ್ಕೆ ಹಾಕಲೇ ಎಂದು ಒಬ್ಬೊಬ್ಬರಿಗೇ ಫೋನು ಮಾಡಿ, ಬೆಳಿಗ್ಗೆಯಿಂದ ಕೇಳಿದ್ದೆಲ್ಲ ಇದೇ 'ಬ್ಯಾಡ'. ಒಬ್ಬರ ಸೊಸೆ ಬಸುರಿ, ದೃಷ್ಟಿ ತಾಗುತ್ತದೆ. ಇನ್ನೊಬ್ಬರ ಅಳಿಯ ದುಬೈಯಲ್ಲಿದ್ದಾನೆ, ಮೂಗಿನ ತುದಿಯಲ್ಲೇ ಸಿಟ್ಟು. ಮತ್ತೊಬ್ಬಳು 'ಅವ್ರನ್ನ್ ಕೇಂಡ್ ಹೇಳ್ತೆ' ಎಂದವಳು ಆಮೇಲೆ ಫೋನೇ ಎತ್ತಲಿಲ್ಲ. ಇವರೆಲ್ಲ ಅದೇ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಊರಿಡೀ ತೋರಿಸಿದವರೇ. ಕೇಳಿದರೆ, ಸ್ಟೇಟಸ್ ಅಂದರೆ ನಾಳೆಗೆ ಮಾಯ, ನಿನ್ನದು ಹಾಗಲ್ಲ, ಅಲ್ಲೇ ಉಳಿದುಬಿಡುತ್ತದೆ ಎನ್ನುತ್ತಿದ್ದರು. ಉಳಿಯಲಿ ಎಂದೇ ಅಲ್ಲವೇ ಮನುಷ್ಯರು ಫೋಟೋ ತೆಗೆಸುವುದು? ಇದನ್ನು ಯಾರಿಗೆ ಬಿಡಿಸಿ ಹೇಳುವುದು!

ಬೀಜಾಡಿಯ ಮನೆಯ ಚಾವಡಿಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ಪರದೆಯ ಮೇಲ್ಗಡೆ ಅವಳೇ ಕೈಯಾರೆ ಬರೆದು ತಿದ್ದಿದ ಅಕ್ಷರಗಳಲ್ಲಿ 'ಶರ್ಮಿಳಾ, ಬೀಜಾಡಿ' ಎಂದಿತ್ತು. ಆ ಎರಡು ಪದಗಳನ್ನು ನೋಡಿದಾಗಲೆಲ್ಲ ಅವಳಿಗೆ ಒಳಗೊಳಗೇ ಖುಷಿ. ಖುಷಿಯಾಗದೆ ಏನು? ಎಂಟು ವರ್ಷ ಕುಂದಾಪುರದ ಒಂದು ಸ್ಟುಡಿಯೋದಲ್ಲಿ ದುಡಿದಿದ್ದಳು. ತೆಗೆದ ಒಂದೊಂದು ಫೋಟೋದ ಮೂಲೆಯಲ್ಲೂ ಸ್ಟುಡಿಯೋದ ಹೆಸರು ಬೀಳುತ್ತಿತ್ತು. ಮದುವೆ ಮನೆಯಲ್ಲಿ ಜನ ಅವಳನ್ನು 'ಸ್ಟುಡಿಯೋದ ಹೆಣ್ಣು' ಎಂದೇ ಕರೆಯುತ್ತಿದ್ದರು. ಸಾಕಾಗಿ ಬಿಟ್ಟು ಬಂದು ಸ್ವಂತ ಕೆಲಸ ಶುರು ಮಾಡಿದಳು. ಹಪ್ಪಳದ ಪ್ಯಾಕೆಟ್ಟಿನ ಚಿತ್ರ, ಐಸ್ ಪ್ಲಾಂಟಿನ ಕ್ಯಾಲೆಂಡರು, ಬೋಟಿನ ಮೈಮೇಲೆ ಹೆಸರಿನ ವಿನ್ಯಾಸ, ನಡುನಡುವೆ ಮದುವೆ. ಕೆಲಸ ಬರುತ್ತಿತ್ತು, ಹೊಟ್ಟೆಗೆ ತೊಂದರೆಯಿರಲಿಲ್ಲ. ಆದರೆ ಇಂಥವಳು ಇಂಥದ್ದು ಮಾಡಿದ್ದಾಳೆ ಎಂದು ತೋರಿಸಲು ಒಂದು ಜಾಗವಿರಲಿಲ್ಲ.

ಅಂಥದ್ದೊಂದು ಜಾಗ ಬೇಕೇ ಬೇಕೆಂಬ ಬಿಸಿ ಮುಟ್ಟಿಸಿದವರು ರವಿಚಂದ್ರ. ಮುಂಬೈಯಲ್ಲಿ ಹೋಟೆಲು ನಡೆಸಿ, ಈಗ ಬೈಂದೂರಿನ ಹತ್ತಿರ ಯಡ್ತರೆಯಲ್ಲಿ ಒಂದು ಹೋಮ್‌ಸ್ಟೇ ಕಟ್ಟಿಸುತ್ತಿದ್ದವರು. ಬೋರ್ಡಿನಿಂದ ಹಿಡಿದು ಫೋಟೋದ ತನಕ ಎಲ್ಲಕ್ಕೂ ಒಬ್ಬರೇ ಬೇಕೆಂದು ಅವರೇ ಫೋನು ಮಾಡಿದ್ದರು.

"ನಿಮ್ ಲಿಂಕ್ ಕಳ್ಸಿ, ಕಂಡ್ ಹೇಳ್ತೆ. ಒಂದ್ ಮಾತ್ ಮೊದ್ಲೇ ಹೇಳ್ತೆ, ಗೋಡೆ ಫೋಟೋ ತೆಗುವವ್ರ್ ಬೇಕಾದಷ್ಟ್ ಜನ ಇದ್ರ್. ನಂಗೆ ಮನ್ಸರ ಫೋಟೋ ತೆಗುವವ್ರ್ ಬೇಕ್."

ಶರ್ಮಿಳಾ ಹಟ ಹಿಡಿದು ಪುಟ ಕಟ್ಟಿದಳು. ಹಪ್ಪಳ ಚಂದ ಬಂತು, ಬೋಟು ಚಂದ ಬಂತು. ಮನುಷ್ಯರೇ ಇಲ್ಲ! ತೆರೆದ ಕೂಡಲೇ ಕಣ್ಣಿಗೆ ಬೀಳುವ ಮೊದಲ ಚಿತ್ರದ ಜಾಗ ಬೋಳಾಗಿ ಬಿದ್ದಿತ್ತು. ಅಲ್ಲೊಂದು ಮುಖ ಬರದಿದ್ದರೆ ಯಡ್ತರೆಯ ಕೆಲಸ ಕೈತಪ್ಪಿದಂತೆಯೇ. ಅದಕ್ಕಿಂತ ಹೆಚ್ಚಾಗಿ, ತಾನು ಎಂಥ ಫೋಟೋಗ್ರಾಫರು ಎಂದು ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂಬುದು ಅವಳ ಸಂಕಟ.

ಚಿತ್ರ ಇರಲಿಲ್ಲವೆಂದಲ್ಲ. ಇತ್ತು. ಸ್ವಂತ ಕ್ಯಾಮೆರಾದಲ್ಲಿ ತೆಗೆದ ಮೊದಲ ಮದುವೆ, ಕೋಟೇಶ್ವರದ ಶ್ರೀಲತಾಳದ್ದು. ಧಾರೆಗೆ ಇನ್ನೂ ಹೊತ್ತಿತ್ತು. ಬೆಳಿಗ್ಗೆಯಿಂದ ಉಪವಾಸವಿದ್ದ ಮದುಮಗಳಿಗೆ ಅವಳ ಅಜ್ಜಿ ಅಡುಗೆಯವರ ಕಣ್ಣು ತಪ್ಪಿಸಿ ಒಂದು ಬಿಸಿ ಗೋಳಿಬಜೆ ತಂದುಕೊಟ್ಟಿದ್ದಳು. ಶ್ರೀಲತಾ ಅದನ್ನು ಬಾಯಿಗಿಟ್ಟಳು, ಬಿಸಿ ತಾಳದೆ ಬಾಯಿ ತೆರೆದಳು, ಕ್ಯಾಮೆರಾ ಕಂಡು ನಕ್ಕುಬಿಟ್ಟಳು. ತಲೆತುಂಬ ಮಲ್ಲಿಗೆ, ಎತ್ತಿದ ಕೈ, ಕಣ್ಣಲ್ಲಿ ನೀರು, ಮುಖತುಂಬ ನಗು. ಮದುಮಗಳು ಹೀಗೆ ಬಾಯಿ ಬಿಟ್ಟು ನಗುವುದು ಲಕ್ಷಣವಲ್ಲವೆಂದು ಗಂಡಿನ ಕಡೆಯವರು ಅದನ್ನು ಆಲ್ಬಮ್ಮಿಗೆ ಸೇರಿಸಲು ಬಿಡಲಿಲ್ಲ. ವರ್ಷ ತುಂಬುವುದರೊಳಗೆ ಶ್ರೀಲತಾ ಪೆಟ್ಟಿಗೆ ಹಿಡಿದು ತವರಿಗೆ ಬಂದಳು. ಅಲ್ಲಿ ಏನಾಯಿತೆಂದು ಊರಿಗೆ ಬಗೆಬಗೆಯ ಕಥೆ ಗೊತ್ತಿತ್ತು. ಅವಳು ಮಾತ್ರ ಒಂದನ್ನೂ ಹೇಳಲಿಲ್ಲ.

ಊಟಕ್ಕೆ ಬಂದ ಗಂಡ ಸುಧಾಕರ ಹೆಗಲ ಮೇಲಿಂದ ಬಗ್ಗಿ ನೋಡಿದ. ಅವನದು ಗೂಡ್ಸ್ ಟೆಂಪೋ; ಫೋಟೋದ ಬಗ್ಗೆ ಎಂತದೂ ಗೊತ್ತಿಲ್ಲ ಎನ್ನುತ್ತಲೇ ಎಲ್ಲದಕ್ಕೂ ತೀರ್ಪು ಕೊಡುವ ಆಸಾಮಿ.

"ಇದನ್ನೇ ಹಾಕ್ ಹೆಣೆ. ಇದ್ಕಿಂತ ಚಂದದ್ದ್ ನೀನ್ ತೆಗಿಲಿಲ್ಲ."

"ಹ್ವಾಯ್, ಆ ಮದಿ ಮುರ್ದದ್ದ್ ಗೊತ್ತಿಲ್ಯಾ ನಿಮ್ಗೆ?"

"ಮದಿ ಮುರ್ದದ್ದ್. ಫೋಟೋ ಮುರೀಲಿಲ್ಲ ಅಲ್ದಾ? ಹೋಯ್ ಕೇಣ್. ತಿಂದ್ ಬಿಡುಕೆ ಅದೆಂತ ಹುಲಿಯಾ?"

ಕೇಳಬಹುದಿತ್ತು. ಆದರೆ ಶರ್ಮಿಳಾಳ ಬುದ್ಧಿ ಇಲ್ಲಿ ಚೂರು ಹೆಚ್ಚೇ ಓಡಿತು. ಮದುವೆಯ ಗುರುತೇ ಇಲ್ಲದಂತೆ ಮಾಡಿದರೆ ಶ್ರೀಲತಾಳಿಗೂ ನೋವಿಲ್ಲ, ಊರಿನ ಬಾಯಿಗೂ ಕೆಲಸವಿಲ್ಲ ಎಂದುಕೊಂಡಳು. ಮಧ್ಯಾಹ್ನವಿಡೀ ಕೂತು ಕಂಪ್ಯೂಟರಿನಲ್ಲಿ ತಲೆಯ ಮಲ್ಲಿಗೆ ತೆಗೆದಳು. ಬೈತಲೆ ಬೊಟ್ಟು ತೆಗೆದಳು. ಬಳೆ ಕಡಿಮೆ ಮಾಡಿದಳು. ರವಿಕೆಯ ತೋಳಿನ ಕಸೂತಿ ಮದುವೆಯನ್ನು ಸಾರಿ ಹೇಳುವಂತಿತ್ತು. ಅದನ್ನೂ ಉಜ್ಜಿ ಉಜ್ಜಿ ಬರೀ ಕೆಂಪು ಬಟ್ಟೆ ಮಾಡಿದಳು. ಎಲ್ಲಿ ಅಳಿಸಿದ್ದೆಂದು ಪರೀಕ್ಷೆ ಮಾಡಿದರೂ ತಿಳಿಯುವಂತಿರಲಿಲ್ಲ. ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡು ಮರುದಿನ ಕೋಟೇಶ್ವರಕ್ಕೆ ಹೊರಟಳು.

ಹೆದ್ದಾರಿಯ ಬಸ್ಸು ನಿಲ್ಲುವ ಕಡೆ, ಬೇಕರಿಯ ಪಕ್ಕದಲ್ಲಿ ಶ್ರೀಲತಾಳ ಹೊಲಿಗೆಯಂಗಡಿ. ಒಳಗೆ ಅವಳ ಮಿಷನ್ನು, ಗೋಡೆಯಲ್ಲಿ ನೇತುಹಾಕಿದ ರವಿಕೆಗಳು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತಾಯಿ ಚಂದ್ರಮತಿ ಹುಕ್ಕು ಹಾಕುತ್ತಿದ್ದಳು.

"ಬನ್ನಿ ಬನ್ನಿ ಶರ್ಮಿಳಕ್ಕ. ರವಿಕೆ ಹೊಲ್ಸುಕಾ?"

"ಇಲ್ಲ ಮಾರಾಯ್ತಿ. ಒಂದ್ ವಿಷಯ ಕೇಂಬುಕಿತ್ತ್."

ಹೇಳಬೇಕಾದ್ದನ್ನೆಲ್ಲ ತೊದಲುತ್ತ ಹೇಳಿ ಮುಗಿಸಿ, ಶರ್ಮಿಳಾ ಫೋನು ಮುಂದೆ ಹಿಡಿದಳು. ಶ್ರೀಲತಾ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಇದ್ ಯಾರ್?"

"ನೀನೇ ಅಲ್ದಾ!"

"ನಾನಾ? ನನ್ ಮಲ್ಲಿಗೆ ಎಲ್ ಹೋಯ್ತ್? ಈ ತೋಳ್ ಎಂತಕ್ಕೆ ಹೀಂಗ್ ಬೋಳ್ ಬೋಳ್?"

"ಮದಿದ್ ಅಂದೇಳಿ ಗೊತ್ತಾಪುದ್ ಬ್ಯಾಡ ಅಂದೇಳಿ ನಾನೇ ತೆಗ್ದೆ. ನಿಂಗೆ ಬೇಜಾರ್ ಆಪುದ್ ಬ್ಯಾಡ ಅಲ್ದಾ..."

"ಅಸಲ್ ಇದ್ರೆ ತೋರ್ಸಿ."

ಶರ್ಮಿಳಾ ಅಳುಕುತ್ತಲೇ ಅಸಲು ಚಿತ್ರ ತೆಗೆದಳು. ಶ್ರೀಲತಾಳ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತುಬಿಟ್ಟಿತು. ಫೋನನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ಕಿಸಕ್ಕನೆ ನಕ್ಕಳು.

"ಅಜ್ಜಿ ಕೊಟ್ಟ ಗೋಳಿಬಜೆ! ನಾಲ್ಗೆ ಸುಟ್ ಹೋಯಿತ್ತ್ ನಂಗೆ." ಹಾಗೆನ್ನುತ್ತಲೇ ಬೆರಳನ್ನು ತೋಳಿನ ಮೇಲಿಟ್ಟಳು. "ಇದ್ ಕಾಣಿ ಶರ್ಮಿಳಕ್ಕ. ಈ ರವಿಕೆ ನಾನೇ ಹೊಲ್ದದ್ದ್. ಈ ನವಿಲ್ ಕೂರ್ಸುಕೆ ಕಣ್ಣ್ ಹಾಳ್ ಮಾಡ್ಕಂಡಿದ್ದೆ. ಧಾರೆ ಸೀರೆ ಅವ್ರದ್ದ್, ವಾಪಸ್ ಕೊಟ್ಟಾಯ್ತ್. ಕರಿಮಣಿ ಕೊಟ್ಟಾಯ್ತ್. ಇದ್ ನಂದ್. ನೀವ್ ಇದನ್ನೇ ಅಳ್ಸಿ ತಂದಿರಿ ಅಲ್ದಾ!"

ಶರ್ಮಿಳಾಳಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತನ್ನ ಕೆಲಸದ ಮೇಲೆ ಇನ್ನೊಬ್ಬರ ಹೆಸರು ಬಿದ್ದಿದ್ದಕ್ಕೆ ಎಂಟು ವರ್ಷ ಹೊಟ್ಟೆ ಉರಿಸಿಕೊಂಡವಳು ಅವಳು. ತನ್ನ ಪುಟ ಕಟ್ಟಲು ಹೊರಟು, ಇನ್ನೊಬ್ಬಳ ಕೈಕೆಲಸವನ್ನು ಕಲೆ ಒರೆಸಿದ ಹಾಗೆ ಒರೆಸಿ ತಂದಿದ್ದಳು. ಅದೂ ಉಪಕಾರವೆಂದು ತಿಳಿದು.

"ತಪ್ಪಾಯ್ತ್ ಮಾರಾಯ್ತಿ," ಎಂದಳು.

"ತಪ್ಪ್ ಗಿಪ್ಪ್ ಬಿಡಿ. ಇದನ್ನ್ ಹಾಕಿ, ಹೀಂಗೇ ಹಾಕಿ."

ಅಷ್ಟರಲ್ಲಿ ಬಾಗಿಲಿನಿಂದ ಚಂದ್ರಮತಿಯ ಸ್ವರ ಬಂತು. "ಹೆಣೆ, ಮರ್ಳಾ ನಿಂಗೆ? ಹಾಳಾದ ಮದಿ ಫೋಟೋ ಊರಿಗೆಲ್ಲ ತೋರ್ಸೂದಾ? ನಾಕ್ ಜನ ಎಂತ ಹೇಳ್ತ್ರ್?"

"ಆ ನಾಕ್ ಜನ ಈಗ ಬಾಯ್ ಮುಚ್ಕಂಡ್ ಇದ್ರಾ ಅಮ್ಮ?"

"ಆಲ್ಬಮ್ ಅಟ್ಟಕ್ಕೆ ಹಾಕಿದ್ದ್ ನಾನ್. ನೀನ್ ಅದನ್ನ್ ಹಿಡ್ಕಂಡ್ ಕಣ್ಣೀರ್ ಹಾಕಿ ಮರ್ಕುದ್ ಕಾಂಬುಕೆ ಆಗ್ದೇ ಹಾಕಿದ್ದ್." ಚಂದ್ರಮತಿ ಸೂಜಿಯನ್ನು ರವಿಕೆಗೆ ಚುಚ್ಚಿ ನಿಲ್ಲಿಸಿದಳು. "ಈಗ ನೀನೇ ಬೀದಿಗೆ ಹಾಕ್ತಿಯಲ್ಲ!"

"ಆ ಆಲ್ಬಮ್ಮೊಳ್ಗೆ ಇದ್ ಇರ್ಲಿಲ್ಲ ಅಮ್ಮ. ಅವ್ರ್ ಬ್ಯಾಡ ಅಂದದ್ದ್ ಇದ್. ನಾನ್ ಇವತ್ತೇ ಕಂಡದ್ದ್. ಒಂದ್ಸಲ ಕಾಣ್ ನೀನ್."

"ನಂಗ್ ಎಂತದೂ ಕಾಂಬುಕಿಲ್ಲ. ನಿಮ್ಗ್ ಬೇಕಾದ್ದ್ ಮಾಡ್ಕಣಿ," ಎಂದು ಚಂದ್ರಮತಿ ಹಲ್ಲಿನಿಂದ ದಾರ ಕಡಿದು ಮತ್ತೊಂದು ರವಿಕೆ ಎತ್ತಿಕೊಂಡಳು. ಫೋನಿನ ಕಡೆ ತಿರುಗಿಯೂ ನೋಡಲಿಲ್ಲ.

ಶರ್ಮಿಳಾ ಫೋನನ್ನು ಚೀಲಕ್ಕೆ ಹಾಕಿದಳು. ತಾಯಿಯ ಮನಸ್ಸು ನೋಯಿಸಿ ಕಟ್ಟುವ ಪುಟ ಯಾವ ಸೌಭಾಗ್ಯಕ್ಕೆ ಎನಿಸಿತು. "ಬಿಡ್ ಶ್ರೀಲತಾ. ಬೇರೆ ಎಂತಾರೂ ಹಾಕ್ತೆ."

"ಬೇರೆ ಎಂತ ಹಾಕ್ತ್ರಿ? ಹಪ್ಪಳವಾ?" ಶ್ರೀಲತಾಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಮುಖ ನಂದ್, ನಾನ್ ಅಡ್ಡಿಲ್ಲ ಅಂದಿದ್ದೆ. ಅಮ್ಮನ ಹತ್ರ ನಾನ್ ಮಾತಾಡ್ಕಂತೆ. ಆದ್ರೆ ಕೆಳ್ಗೆ ಬರೀರಿ, ರವಿಕೆ ಶ್ರೀಲತಾ ಹೊಲ್ದದ್ದ್ ಅಂದೇಳಿ. ಮದ್ಮಗಳ್ ಗಿದ್ಮಗಳ್ ಎಂತದೂ ಬ್ಯಾಡ."

ಅದೇ ಸಂಜೆ ಶರ್ಮಿಳಾ ಪುಟವನ್ನು ಲೋಕಕ್ಕೆ ಬಿಟ್ಟಳು. ತೆರೆದ ಕೂಡಲೇ ಶ್ರೀಲತಾ, ಮಲ್ಲಿಗೆ ಸಮೇತ, ನವಿಲು ಸಮೇತ. ಕೆಳಗೆ ಒಂದೇ ಸಾಲು: 'ಚಿತ್ರ: ಶರ್ಮಿಳಾ. ರವಿಕೆ: ಶ್ರೀಲತಾ.' ಎರಡು ಹೆಸರಿಗೂ ಒಂದೇ ಗಾತ್ರದ ಅಕ್ಷರ. ಅಳಿಸಿ ಮಾಡಿದ ಚಿತ್ರವನ್ನು ಅವಳು ಕಂಪ್ಯೂಟರಿನಿಂದಲೇ ತೆಗೆದು ಹಾಕಿದಳು. ಸುಧಾಕರ ಲಿಂಕನ್ನು ಟೆಂಪೋದವರ ಗುಂಪಿಗೆಲ್ಲ ಕಳಿಸಿ, 'ನನ್ನ ಹೆಂಡತಿ ಮಾಡಿದ್ದು' ಎಂದು ಬರೆದ. ಕೆಳಗೆ ಯಾರೋ 'ನೀನೆಂತ ಮಾಡಿದ್ದ್?' ಎಂದು ಕೇಳಿದ್ದರು. 'ಚಾ' ಎಂದು ಉತ್ತರಿಸಿದ್ದ. ಅವಳು ನಕ್ಕು ನಕ್ಕು ಸುಸ್ತಾದಳು.

ಹೇಳುವ ನಾಲ್ಕು ಜನ ಹೇಳದೆ ಬಿಡಲಿಲ್ಲ. ಬಿಟ್ಟು ಬಂದವಳಿಗೆ ಇಷ್ಟೊಂದು ನಗು ಯಾತಕ್ಕೆ ಎಂದು ಬೀಜಾಡಿಯಲ್ಲೇ ಒಬ್ಬಳು ಕೇಳಿದಳು. ಆದರೆ ವಾರ ಕಳೆಯುವುದರೊಳಗೆ ರವಿಚಂದ್ರರ ಫೋನು ಬಂತು.

"ಆ ಹೆಣ್ಣ್ ಎಂತ ತಿಂತಾ ಇತ್ತ್ ಮಾರಾಯ್ರೆ? ಕಂಡ್ ನಂಗೂ ಹಸಿವಾಯ್ತ್! ಉಳ್ದದ್ದ್ ಕಾಂಬುದೇ ಬ್ಯಾಡ. ನೀವ್ ಯಡ್ತರೆಗೆ ಬನ್ನಿ, ಕೆಲ್ಸ ಶುರು ಮಾಡುವ. ಮತ್ತೆ, ಆ ರವಿಕೆಯವ್ರ ನಂಬರ್ ಇದ್ರೆ ನನ್ ಹೆಂಡ್ತಿಗೆ ಬೇಕಂಬ್ರ್."

ಫೋನಿಟ್ಟ ಮೇಲೆ ಶರ್ಮಿಳಾ ಚಾವಡಿಯಲ್ಲೇ ಒಂದು ಸುತ್ತು ತಿರುಗಿದಳು. ಸ್ಟುಡಿಯೋದ ಎಂಟು ವರ್ಷದಲ್ಲಾಗಲಿ, ಆಮೇಲಾಗಲಿ ಯಾರೂ ಅವಳಿಗೇ ಫೋನು ಮಾಡಿ, ಅವಳೇ ತೆಗೆದ ಚಿತ್ರ ಚಂದವಿದೆ ಎಂದಿರಲಿಲ್ಲ. ಈ ಸುದ್ದಿಯನ್ನು ಫೋನಿನಲ್ಲಿ ಹೇಳುವುದಲ್ಲ, ಎದುರು ನಿಂತೇ ಹೇಳಬೇಕು ಎಂದು ಸ್ಕೂಟರು ತೆಗೆದಳು.

ಕೋಟೇಶ್ವರದಲ್ಲಿ ಸ್ಕೂಟರು ನಿಲ್ಲಿಸಿ ರಸ್ತೆ ದಾಟಿ ಬಂದವಳು ಬೇಕರಿಯ ಹತ್ತಿರವೇ ನಿಂತಳು. ಅಂಗಡಿಯ ಬಾಗಿಲಲ್ಲಿ ಚಂದ್ರಮತಿ ಫೋನು ಹಿಡಿದು ಕೂತಿದ್ದಳು. ಪಕ್ಕದಲ್ಲಿ, ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಕೈಚೀಲ ಸೊಂಟಕ್ಕೆ ಒತ್ತಿಕೊಂಡು ಬಗ್ಗಿ ನೋಡುತ್ತಿದ್ದಳು.

"ನಿಮ್ ಮಗಳಾ? ಚಂದ ಇತ್ತ್ ಮಾರಾಯ್ರೆ! ಮದಿ ಯಾವತ್ತ್ ಆದ್ದ್? ಗಂಡ್ ಎಲ್ಲಿಯವ್ರ್?"

ಚಂದ್ರಮತಿ ಈಗ ಫೋನನ್ನು ಮಡಿಲಿಗೆ ಇಳಿಸಿಬಿಡುತ್ತಾಳೆ ಎಂದುಕೊಂಡಳು ಶರ್ಮಿಳಾ.

"ಮದಿ ಸುದ್ದಿ ಬಿಡಿ, ಅದ್ ಮುಗ್ದ್ ಹೋಯ್ತ್," ಎಂದಳು ಚಂದ್ರಮತಿ. "ನೀವ್ ಹೆಣ್ಣ್ ಕಾಣಿ. ಹ್ಯಾಂಗ್ ನಗಾಡ್ತಾ ಇತ್ತ್ ಕಾಣಿ."

ಎರಡು ಬೆರಳು ಅಗಲಿಸಿ ಚಿತ್ರವನ್ನು ದೊಡ್ಡದು ಮಾಡಿದಳು. ನೆತ್ತಿಯ ಬಿಸಿಲು ಗಾಜಿಗೆ ಹೊಡೆದು ಏನೂ ಕಾಣದಂತಾಯಿತು. ಚಂದ್ರಮತಿ ಸೆರಗನ್ನು ಬಿಚ್ಚಿ ಫೋನಿನ ಮೇಲೆ ಅಗಲವಾಗಿ ಹಿಡಿದಳು. ಬಸ್ಸು ಬಂದು ಹಾರ್ನು ಹಾಕಿತು, ಆ ಹೆಂಗಸು ಮಾತ್ರ ಸೆರಗಿನ ನೆರಳಿನೊಳಗೆ ತಲೆ ತೂರಿಸಿ ನೋಡುತ್ತಲೇ ಇದ್ದಳು.