ದಿನೇಶನಿಗೆ ಮಾತ್ರ ಹೇಳಿದ ಸುಳ್ಳು

'ಕಡೇ ಸ್ಟಾಪ್' ಬ್ಯಾಂಡಿನ ಒಳಗಿನ ಮಾತುಗಳು ಹೊರಗೆ ಬರತೊಡಗಿದ್ದು ಯುಗಾದಿ ಕಳೆದ ಮೇಲೆ. ಇನ್‌ಸ್ಟಾಗ್ರಾಮಿನಲ್ಲಿ 'ಪರದೆ ಹಿಂದೆ ಕಡೇ ಸ್ಟಾಪ್' ಎಂಬ ಪೇಜೊಂದು ಹುಟ್ಟಿಕೊಂಡಿತು. ಅದನ್ನು ಯಾರು ನಡೆಸುತ್ತಿದ್ದಾರೆ ಎಂಬುದು ಎಲ್ಲೂ ಇರಲಿಲ್ಲ. ಮೊದಲು ಬಂದದ್ದು ಸಣ್ಣ ಸುದ್ದಿ. ಗಾಯಕ ವೇಣು ಪ್ರತಿ ಶೋಗೂ ಮುಂಚೆ ಮೊಸರನ್ನ ತಿಂದು, ಗ್ರೀನ್ ರೂಮಿನ ಮೇಜಿನ ಕೆಳಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗುತ್ತಾನೆ ಎಂದು. ಅಭಿಮಾನಿಗಳು ನಕ್ಕರು. ವೇಣುವೂ ನಕ್ಕ. ಬ್ಯಾಂಡಿನ ಮ್ಯಾನೇಜರ್ ರೇಖಾ ಮಾತ್ರ ನಗಲಿಲ್ಲ. ಮೇಜಿನ ವಿಷಯ ಗೊತ್ತಿದ್ದದ್ದು ವೇಣುವಿಗೆ, ಗಿಟಾರ್ ನುಡಿಸುವ ಸುಭಾಷ್‌ಗೆ, ಬೇಸ್ ನುಡಿಸುವ ಸಂಗಮೇಶನಿಗೆ, ಡ್ರಮ್ಸ್ ಬಾರಿಸುವ ದಿನೇಶನಿಗೆ ಮತ್ತು ಅವಳಿಗೆ. ಗ್ರೀನ್ ರೂಮಿನ ಬಾಗಿಲಿಗೆ ಅವಳೇ ಕಾವಲು ನಿಲ್ಲುತ್ತಿದ್ದಳು.

ಆಮೇಲೆ ಎಮ್ಮೆಯ ಕಥೆ ಬಂತು.

ಕಡೇ ಸ್ಟಾಪ್ ಊರೆಲ್ಲ ಹೆಸರಾದದ್ದೇ 'ಬಾಗಿಲಾಚೆ ನಿಂತವಳು' ಎಂಬ ಹಾಡಿನಿಂದ. ಕಾಲೇಜು ಹುಡುಗರು ಅದನ್ನು ಕೇಳಿ ಅತ್ತಿದ್ದರು, ಮದುವೆ ವಿಡಿಯೋಗಳಿಗೆ ಹಾಕಿಕೊಂಡಿದ್ದರು. ಅದು ತನ್ನನ್ನು ಬಿಟ್ಟುಹೋದ ಹುಡುಗಿಯ ಮೇಲೆ ಬರೆದದ್ದೆಂದು ವೇಣು ಪ್ರತಿ ಸಂದರ್ಶನದಲ್ಲೂ ಹೇಳುತ್ತಿದ್ದ. ಹಾಡು ನಿಜವಾಗಿ ಹುಟ್ಟಿದ್ದು ಜಯನಗರದ ಪಕ್ಕದ ಯಡಿಯೂರಿನ ಚಿಕ್ಕಬೈರಪ್ಪನವರ ಮನೆಯ ಕೊಟ್ಟಿಗೆಯಲ್ಲಿ, ಮಾರಿದ ಎಮ್ಮೆಯನ್ನು ನೆನೆಸಿಕೊಂಡು, ಮೊದಲ ಸಾಲು ಬರೆದದ್ದು ದಿನೇಶ ಎಂದು ಪೇಜ್ ಹೇಳಿತು. ಎಮ್ಮೆ ಹೋಗುವಾಗ ಬಾಗಿಲಲ್ಲಿ ಕಾಲೂರಿ ನಿಂತುಬಿಟ್ಟಿತ್ತಂತೆ, ಬೆಲ್ಲ ತೋರಿಸಿದರೂ ಕದಲಲಿಲ್ಲವಂತೆ.

ಅದೆಲ್ಲ ನಿಜವೇ. ದಿನೇಶ ಚಿಕ್ಕಬೈರಪ್ಪನವರ ಮಗ. ಹಿಂದೆ ಯಡಿಯೂರಿನಲ್ಲಿ ಹೊಲ ಇದ್ದ ಮನೆ ಅದು. ಈಗ ಮೂರು ಮಹಡಿ, ಎಲ್ಲದರಲ್ಲೂ ಬಾಡಿಗೆಯವರು. ಖಾಲಿಯಾದ ಹಿತ್ತಲ ಕೊಟ್ಟಿಗೆಗೆ ಫೋಮ್ ಬಡಿದು ಬ್ಯಾಂಡಿನವರು ಪ್ರಾಕ್ಟೀಸ್ ರೂಮು ಮಾಡಿಕೊಂಡಿದ್ದರು.

ಜನ ವೇಣುವಿನ ವಿಡಿಯೋಗಳ ಕೆಳಗೆಲ್ಲ ಎಮ್ಮೆಯ ಚಿತ್ರ ಹಾಕತೊಡಗಿದರು. ವೇಣುವಿಗೆ ತಡೆಯಲಾಗಲಿಲ್ಲ. ಅವನು ಒಬ್ಬೊಬ್ಬರನ್ನೇ ಅನುಮಾನಿಸಲು ಶುರುಮಾಡಿದ. ಸುಭಾಷ್ ಸ್ವಂತ ಆಲ್ಬಂ ಮಾಡುವ ಯೋಚನೆಯಲ್ಲಿದ್ದಾನೆ, ಅವನೇ ಇರಬೇಕು ಎಂದ. ಮರುದಿನ, ಸಂಗಮೇಶ ಯಾವಾಗಲೂ ಫೋನಿನಲ್ಲೇ ಇರುತ್ತಾನಲ್ಲ ಎಂದ. ಇನ್ನೊಂದು ದಿನ ರೇಖಾಳ ಮುಖವನ್ನೇ ನೋಡುತ್ತ, ಪತ್ರಿಕೆಯವರ ಪರಿಚಯ ಇರುವುದು ಅವಳಿಗೊಬ್ಬಳಿಗೇ ಅಲ್ಲವೇ ಎಂದು ಕೇಳಿದ. ಕಾಲೇಜಿನಿಂದ ಜೊತೆಗಿದ್ದವನು ಹಾಗೆ ಕೇಳಿದ್ದು ಅವಳಿಗೆ ನಾಟಿತು. ಆದರೆ ಅವಳೂ ಅಷ್ಟೇ ಮಾಡುತ್ತಿದ್ದಳು. ಯಾರಾದರೂ ಕರೆ ಬಂದು ರೂಮಿನಿಂದಾಚೆ ಹೋದರೆ ಅವಳ ಕಿವಿ ಹಿಂದೆಯೇ ಹೋಗುತ್ತಿತ್ತು. ಪ್ರಾಕ್ಟೀಸಿನ ನಡುವೆ ಇದ್ದ ತಮಾಷೆ ನಿಂತಿತು. ಎಲ್ಲರೂ ಹಾಡಿನ ಬಗ್ಗೆ ಮಾತ್ರ, ಅದೂ ಅಳೆದು ತೂಗಿ ಮಾತಾಡುತ್ತಿದ್ದರು.

ಕೊನೆಗೆ ರೇಖಾ ಒಂದು ಉಪಾಯ ಮಾಡಿದಳು. ಮೂವರಿಗೂ ಬೇರೆ ಬೇರೆ ಸುಳ್ಳು ಹೇಳುವುದು, ಯಾವುದು ಪೇಜಿಗೆ ಬರುತ್ತದೋ ನೋಡುವುದು. ವೇಣು ಒಪ್ಪಿದ. ಸುಭಾಷ್‌ಗೆ ಹುಬ್ಬಳ್ಳಿಯ ಶೋ ರದ್ದಾಗಿದೆ ಎಂದಳು. ಸಂಗಮೇಶನಿಗೆ ವೇಣು ಸಿನಿಮಾ ಒಂದರಲ್ಲಿ ಪಾತ್ರ ಒಪ್ಪಿಕೊಂಡಿದ್ದಾನೆ ಎಂದಳು. ದಿನೇಶನನ್ನು ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿ ಹೋಟೆಲಿಗೆ ಕರೆದು, ವೇಣುವಿನ ಗಂಟಲಲ್ಲಿ ಗಂಟು ಇದೆ, ಆಪರೇಷನ್ ಆಗಬೇಕು, ಯಾರಿಗೂ ಗೊತ್ತಾಗಬಾರದು ಎಂದಳು.

ದಿನೇಶ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟ.

"ಆಮೇಲೆ ಹಾಡಕ್ಕಾಗತ್ತಾ ಅವನಿಗೆ?"

ಗೊತ್ತಿಲ್ಲ ಎಂದಳು. ಅವನು ಕಾಫಿ ಕುಡಿಯದೆ ಎದ್ದ. ಬೈಕ್ ಹತ್ತುವಾಗ ಹೆಲ್ಮೆಟ್ ಮರೆತು, ವಾಪಸು ಬಂದು ತೆಗೆದುಕೊಂಡು ಹೋದ.

ವಾರ ಕಳೆಯುವುದರೊಳಗೆ ಪೇಜಿನಲ್ಲಿ ಬಂತು: ವೇಣುವಿನ ಗಂಟಲಿಗೆ ಆಪರೇಷನ್, ಎಲ್ಲರೂ ದೇವರಲ್ಲಿ ಬೇಡಿಕೊಳ್ಳಿ ಎಂದು. ಹುಬ್ಬಳ್ಳಿಯ ಆಯೋಜಕರು ಗಾಬರಿಯಿಂದ ಫೋನ್ ಮಾಡಿದರು. ರೇಖಾ ಅವರಿಗೆ ಸಮಾಧಾನ ಹೇಳಿ, ಮಧ್ಯಾಹ್ನವೇ ಎಲ್ಲರನ್ನೂ ಪ್ರಾಕ್ಟೀಸ್ ರೂಮಿಗೆ ಕರೆದಳು.

ವೇಣು ಫೋನನ್ನು ಡ್ರಮ್ಮಿನ ಮೇಲಿಟ್ಟು, "ಇದು ನಿನಗೆ ಮಾತ್ರ ಹೇಳಿದ್ದು ಮಗಾ," ಎಂದ.

ದಿನೇಶ ಓದಿದ. ತಾನು ಯಾರಿಗೂ ಹೇಳಿಲ್ಲ ಎಂದ. ಆಗ ರೇಖಾ ತಾನು ಹೂಡಿದ ಆಟವನ್ನು ಬಿಡಿಸಿ ಹೇಳಿದಳು, ಮೂರು ಜನ, ಮೂರು ಸುಳ್ಳು ಎಂದು. ದಿನೇಶನ ಮುಖ ಬಿಗಿಯುತ್ತದೆ, ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದಳು. ಅವನು ವೇಣುವಿನ ಕಡೆ ತಿರುಗಿದ.

"ಅಂದ್ರೆ ಆಪರೇಷನ್ ಸುಳ್ಳಾ? ನಿನಗೇನೂ ಇಲ್ವಾ?"

ವೇಣು ಏನೂ ಇಲ್ಲ ಎಂದು ತಲೆಯಾಡಿಸಿದ. ದಿನೇಶ ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟ. ಅವನ ಕಣ್ಣು ತುಂಬಿತ್ತು. ಆಮೇಲೆ, ಇವರು ತನಗೆ ಏನು ಮಾಡಿದ್ದಾರೆಂಬುದು ಅವನಿಗೆ ಪೂರ್ತಿ ಅರ್ಥವಾದಂತಿತ್ತು. ಎದ್ದು, ಡ್ರಮ್ಸಿನ ಕಡ್ಡಿಗಳನ್ನು ಜೇಬಿಗೆ ಸಿಕ್ಕಿಸಿಕೊಂಡ. ನೀವು ಹೋಗುವಾಗ ಬೀಗ ಹಾಕಿ ಕೀಲಿ ಅಮ್ಮನ ಕೈಗೆ ಕೊಡಿ ಎಂದು ಹೇಳಿ, ಮೆಟ್ಟಿಲು ಹತ್ತಿ ತನ್ನ ಮನೆಗೆ ಹೋಗಿಬಿಟ್ಟ. ಬ್ಯಾಂಡಿನ ವಾಟ್ಸಾಪ್ ಗುಂಪಿನಿಂದಲೂ ಸಂಜೆಯೊಳಗೆ ಹೊರಗೆ ಹೋದ.

ದಿನೇಶ ಇಲ್ಲದ ಮೇಲೆ ಅವನ ಮನೆಯಲ್ಲಿ ಬಾರಿಸುವುದು ಹೇಗೆ? ಬ್ಯಾಂಡು ಬಿಟಿಎಂ ಲೇಔಟಿನಲ್ಲಿ ಗಂಟೆಗಿಷ್ಟೆಂದು ಕೊಡುವ ಸ್ಟುಡಿಯೋ ಹಿಡಿಯಿತು. ಹೊಸ ಡ್ರಮ್ಮರ್ ಬಂದ, ತಾಳ ತಪ್ಪದವನು, ಯಾರೊಂದಿಗೂ ಮಾತಾಡದವನು. ಪೇಜು ಮೌನವಾಯಿತು. ವೇಣು ಇದಕ್ಕಿಂತ ಸಾಕ್ಷಿ ಬೇಕಾ ಎಂದ. ತಮಗೂ ಸುಳ್ಳು ಹೇಳಲಾಗಿತ್ತು ಎಂಬುದನ್ನು ಸುಭಾಷ್ ಮತ್ತು ಸಂಗಮೇಶ ಮರೆತಿರಲಿಲ್ಲ.

ರೇಖಾಳಿಗೆ ನೆಮ್ಮದಿ ಇರಲಿಲ್ಲ. ಸಿಕ್ಕಿಬಿದ್ದವನು ಮೊದಲು ತನ್ನ ಬಗ್ಗೆ ಯೋಚಿಸುತ್ತಾನೆ. ದಿನೇಶ ವೇಣುವಿನ ಗಂಟಲಿನ ಬಗ್ಗೆ ಕೇಳಿದ್ದ. ಹಾಗಾದರೆ ಸುದ್ದಿ ಹೊರಗೆ ಹೋದದ್ದಾದರೂ ಹೇಗೆ? ಅವನು ಸಖತ್ ನಟನೆ ಮಾಡಿದನೇ? ಎರಡನ್ನೂ ನಂಬಲಾಗದೆ ಅವಳು ದಿನ ದೂಡಿದಳು.

ಒಂದು ಶನಿವಾರ, ಕೊಟ್ಟಿಗೆಯಲ್ಲಿ ಉಳಿದಿದ್ದ ಸ್ಪೀಕರ್ ತರಲು ಯಡಿಯೂರಿಗೆ ಹೋದಳು. ದಿನೇಶ ಮನೆಯಲ್ಲಿರಲಿಲ್ಲ. ಅವನ ತಾಯಿ ಗೌರಮ್ಮ ಕೀಲಿ ಕೊಡುತ್ತ, ಒಳಗೆ ಕರೆದು ಕೂರಿಸಿದರು.

"ವೇಣು ಗಂಟ್ಲು ಹೆಂಗೈತವ್ವಾ? ಆಪರೇಷನ್ ಆಯ್ತಾ?"

ದಿನೇಶ ಹೇಳಿದನೇ ಎಂದು ರೇಖಾ ಮೆಲ್ಲಗೆ ಕೇಳಿದಳು. ಹೌದು, ಅವತ್ತು ಮುದ್ದೆಗೆ ಕೈ ಹಾಕಿದವನು ಹಾಗೇ ಕೂತುಬಿಟ್ಟ, ನಾನೇ ಗದರಿಸಿ ಕೇಳಿದೆ ಎಂದರು ಗೌರಮ್ಮ. ಅವನು ಚಿಕ್ಕಂದಿನಿಂದ ಊಟದ ಹೊತ್ತಿಗೆ ದಿನದ್ದೆಲ್ಲ ಹೇಳುತ್ತಾನಂತೆ. ಅಮ್ಮನಿಗೆ ಹೇಳಿದ್ದು ಬೇರೆಯವರಿಗೆ ಹೇಳಿದಂತೆ ಎಂದು ಅವನಿಗೆ ಅನಿಸಿಯೇ ಇರಲಿಲ್ಲ. ಆಪರೇಷನ್ ಸುಳ್ಳಾಯಿತೆಂದು ಮಾತ್ರ ಅವನು ಹೇಳಿರಲಿಲ್ಲ. ಈಗ ಏನೂ ಹೇಳುವುದಿಲ್ಲ, ತಟ್ಟೆ ತೆಗೆದುಕೊಂಡು ಟಿವಿ ಮುಂದೆ ಹೋಗುತ್ತಾನೆ ಎಂದು ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

ವೇಣುವಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾನೆ ಎಂದಳು ರೇಖಾ. ಆಮೇಲೆ, ನೀವು ಬೇರೆ ಯಾರಿಗಾದರೂ ಹೇಳಿದಿರಾ ಆಂಟಿ ಎಂದು ಕೇಳಿದಳು.

"ನಾನ್ಯಾರಿಗೆ ಹೇಳ್ಲಿ? ನಮ್ಮನೆಯವ್ರಿಗೆ ಹೇಳ್ದೆ, ಅಷ್ಟೇಯ."

ರೇಖಾಳಿಗೆ ನಂಬಿಕೆ ಬರಲಿಲ್ಲ. ಚಿಕ್ಕಬೈರಪ್ಪ ಬ್ಯಾಂಡಿನ ಸದ್ದಿಗೆ ಕಿಟಕಿ ಮುಚ್ಚುತ್ತಿದ್ದ ಮನುಷ್ಯ. ಎದುರು ಸಿಕ್ಕರೆ, ಇನ್ನೂ ಎಷ್ಟು ದಿನ ಈ ತಮಟೆ ಎಂದು ಕೇಳುತ್ತಿದ್ದರು. ಅವರಿಗೆ ಬ್ಯಾಂಡಿನ ಮಾತು ಯಾಕೆ ಬೇಕು? ಅವರೀಗ ಎಲ್ಲಿ ಎಂದು ಕೇಳಿದಳು. ಕೆರೆ ಹತ್ತಿರ, ವಾಕಿಂಗ್ ಎಂದು ಎದ್ದುಹೋಗಿ ಕೂತು ಹರಟೆ ಹೊಡೆಯುತ್ತಾರೆ ಎಂದರು ಗೌರಮ್ಮ.

ಯಡಿಯೂರು ಕೆರೆಯ ಏರಿಯ ಮೇಲೆ ಕಲ್ಲುಬೆಂಚಿನ ಸುತ್ತ ನಾಲ್ಕಾರು ಜನ ಇದ್ದರು. ನಡುವೆ ಚಿಕ್ಕಬೈರಪ್ಪ. ರೇಖಾ ಹಿಂದಿನಿಂದ ಬಂದು ಹೊಂಗೆ ಮರದ ಪಕ್ಕ ನಿಂತಳು. ಅವರು ಮಂಗಳೂರಿನ ಶೋದಲ್ಲಿ ಕರೆಂಟ್ ಹೋದ ಕಥೆ ಹೇಳುತ್ತಿದ್ದರು. ಮೈಕೇ ಇಲ್ಲದೆ ನಮ್ಮ ಹುಡುಗ ಒಬ್ಬನೇ ಬಾರಿಸುತ್ತ ಜನರನ್ನು ಹಿಡಿದಿಟ್ಟ ಎನ್ನುತ್ತ ಅವರು ತೊಡೆಯ ಮೇಲೆ ಕೈ ಬಡಿದು ತೋರಿಸುತ್ತಿದ್ದರು. ಆ ತಾಳ ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಫೋನ್ ಮುಂದೆ ಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು.

ರೇಖಾ ನೇರ ಅವಳ ಹತ್ತಿರ ಹೋಗಿ, ಆ ಪೇಜ್ ನಿಮ್ಮದೇನಾ ಎಂದಳು. ಹೆಂಗಸು ಬೆಚ್ಚಿದಳು. ಹೆಸರು ಧೃತಿ, ತಿಲಕ್ ನಗರದವಳು, ಬ್ಯಾಂಡಿನ ಹುಚ್ಚು ಅಭಿಮಾನಿ. ಅಂಕಲ್ ಹೇಳುವುದನ್ನು ಅಲ್ಲೇ ಹಾಕುವುದು, ಅವರಿಗೆ ಹೇಳಿಯೇ ಹಾಕುತ್ತೇನೆ ಎಂದಳು. ಈಚೆಗೆ ಅವರು ಹೊಸದೇನೂ ಹೇಳದೆ ಪೇಜು ನಿಂತುಹೋಗಿತ್ತಂತೆ. ಚಿಕ್ಕಬೈರಪ್ಪ ಗೊಂದಲದಿಂದ ನೋಡಿದರು. ಫೋನಿಗೆ ಹಾಕ್ತೀನಿ ಅಂದಿದ್ದು ಹೌದು, ಅವಳ ಫೋನಿನಲ್ಲೇ ಇರುತ್ತದೆ ಎಂದುಕೊಂಡಿದ್ದೆ ಎಂದರು.

ರೇಖಾ ಅವರನ್ನು ಪಕ್ಕಕ್ಕೆ ಕರೆದು ಆದದ್ದನ್ನೆಲ್ಲ ಹೇಳಿದಳು. ಅವರು ಮೊದಲು ಅವಳನ್ನೇ ಅನುಮಾನದಿಂದ ನೋಡಿದರು, ಇವಳು ತಪ್ಪನ್ನು ತನ್ನ ತಲೆಗೆ ಕಟ್ಟಲು ಬಂದಿದ್ದಾಳೋ ಎಂಬಂತೆ. ಆಮೇಲೆ ಕೆರೆಯ ನೀರಿನ ಕಡೆ ನೋಡುತ್ತ ನಿಂತರು.

"ಅವನು ಬಿಟ್ಟಿದ್ದು ನನ್ ದೆಸೆಯಿಂದ್ಲಾ?"

"ಇಲ್ಲ ಅಂಕಲ್," ಎಂದಳು ರೇಖಾ. "ನಾವು ಸುಳ್ಳು ಹೇಳಿದ್ದಕ್ಕೆ."

ಮಗನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಹಾಕಬೇಡ ಎಂದರು ಅವರು.

ರೇಖಾ ವೇಣುವಿಗೆ ವಿಷಯ ತಿಳಿಸಿದಾಗ ಅವನು ತಕ್ಷಣ ನಂಬಲಿಲ್ಲ. ದಿನೇಶನನ್ನು ವಾಪಸು ತರಲು ನೀನು ಕಟ್ಟಿದ ಕಥೆಯಲ್ಲವೇ ಎಂದ. ಅವಳು ವಾದಿಸದೆ ಅವನನ್ನು ಮರುದಿನ ಬೆಳಿಗ್ಗೆ ಕೆರೆಗೆ ಕರೆದೊಯ್ದಳು. ಚಿಕ್ಕಬೈರಪ್ಪ ಬೆಂಚಿನ ಮೇಲೆ ಒಬ್ಬರೇ ಇದ್ದರು. ಎಮ್ಮೆ ಕಥೆ ನಾನೇ ಹೇಳಿದ್ದು, ಅದು ನಮ್ಮ ಎಮ್ಮೆಯಲ್ವೇನಪ್ಪಾ ಎಂದರು ವೇಣುವಿಗೆ. ವೇಣು ಅಲ್ಲಿಂದಲೇ ಅವರ ಮನೆಗೆ ಹೋಗಿ ದಿನೇಶನ ಮುಂದೆ ಕೂತ. ಅವರಿಬ್ಬರೂ ಏನು ಮಾತಾಡಿದರೆಂದು ರೇಖಾ ಕೇಳಲಿಲ್ಲ.

ದಿನೇಶ ಮಳೆಗಾಲ ಶುರುವಾಗುವ ಹೊತ್ತಿಗೆ ಬ್ಯಾಂಡಿಗೆ ವಾಪಸು ಬಂದ. ಅಪ್ಪನ ಮೇಲೆ ಅವನಿಗೆ ಕೋಪವಿರಲಿಲ್ಲ. ಅಪ್ಪನಿಗೆ ಅಷ್ಟೆಲ್ಲ ನೆನಪಿತ್ತೆಂದು ಸುಭಾಷ್‌ಗೆ ಹೇಳಿಕೊಂಡು ನಕ್ಕನಂತೆ. ಹುಬ್ಬಳ್ಳಿಯಲ್ಲಿ ಅವನು ಬಾರಿಸಿದ್ದು ಎಂದಿನಂತೆಯೇ, ಬಹುಶಃ ಇನ್ನೂ ಚೆನ್ನಾಗಿ. ಆದರೆ ಶೋ ಮುಗಿದ ಮೇಲೆ ಊಟಕ್ಕೆ ಬೇರೆ ಮೇಜಿಗೆ ಹೋದ. ಕಡ್ಡಿಗಳನ್ನು ಚೀಲಕ್ಕೆ ಹಾಕುವ ಮೊದಲೇ ಹೊರಡುವ ಮಾತಾಡಿದ.

ವಾಪಸು ಬರುವಾಗ ವ್ಯಾನಿನಲ್ಲಿ ರೇಖಾ, ಮುಂದಿನ ತಿಂಗಳು ಮೈಸೂರಿನಲ್ಲಿ ಶೋ ಇದೆ, ದೊಡ್ಡ ಮೈದಾನ ಎಂದು ಹೇಳಿದಳು. ಎಲ್ಲರೂ ಖುಷಿಪಟ್ಟರು. ದಿನೇಶ ಕಿಟಕಿಯಿಂದ ಮುಖ ತಿರುಗಿಸಿದ.

"ಇದು ನಿಜಾನಾ ರೇಖಾ, ಇಲ್ಲಾ ನನಗೆ ಮಾತ್ರ ಹೇಳ್ತಿರೋದಾ?"

ಸಂಗಮೇಶ ನಕ್ಕ. ವೇಣುವೂ ನಗಲು ಹೋಗಿ ನಿಲ್ಲಿಸಿದ. ದಿನೇಶ ನಗುತ್ತಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದ. ರೇಖಾ ಮೈಸೂರಿನ ಆಯೋಜಕರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಸಾರ್, ತಾರೀಕು ಇನ್ನೊಂದು ಸಲ ಹೇಳಿ ಎಂದು ಕೇಳಿದಳು.