ಕೂಗಿದರೆ ಕೇಳಿಸುವಷ್ಟು ದೂರ

ಹಾಸಿಗೆ ಅಂಗಡಿಯಲ್ಲಿ ಕೆಲಸ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ "ಪುಣ್ಯವಂತೆ, ಬೇಕಾದಾಗ ಮಲಗಬಹುದು" ಎನ್ನುತ್ತಾರೆ. ಕೆಲಸದವರು ಹಾಸಿಗೆಯ ಮೇಲೆ ಕೂರಬಾರದು ಎಂಬುದೇ ನಮ್ಮ ಅಂಗಡಿಯ ಮೊದಲ ನಿಯಮ ಎಂದು ಇವರಿಗೆಲ್ಲ ಯಾರು ಹೇಳಬೇಕು? ಬೆಳಗ್ಗೆ ಶಟರ್ ಎತ್ತಿದಾಗಿನಿಂದ ಸಂಜೆ ಇಳಿಸುವವರೆಗೆ ನಾನು ನಿಂತೇ ಇರುತ್ತೇನೆ. ಸುತ್ತಲೂ ಮಂಚಗಳು, ಅವುಗಳ ಮೇಲೆ ಒತ್ತಿದರೆ ಮೊಣಕೈವರೆಗೆ ಮುಳುಗುವ ಹಾಸಿಗೆಗಳು. ಸಂಜೆಯಾಗುವಾಗ ನನ್ನ ಪಾದ ಚಪ್ಪಲಿಯೊಳಗೆ ಹಿಡಿಸುವುದಿಲ್ಲ.

ನನ್ನ ಕೆಲಸ ಗಿರಾಕಿಗಳನ್ನು ಮಲಗಿಸುವುದು. "ಮನೇಲಿ ಹೇಗೆ ಮಲಗ್ತೀರೋ ಹಾಗೇ ಮಲಗಿ, ಸ್ವಲ್ಪ ಹೊತ್ತು ಏಳಬೇಡಿ" ಎನ್ನುತ್ತೇನೆ. ಗಂಡ ಹೆಂಡತಿ ಬಂದಾಗ ನೋಡಬೇಕು. ಗಂಡಸರು ಹೋಗಿ ನಡುಮಧ್ಯೆ ಬೀಳುತ್ತಾರೆ. ಹೆಂಗಸರು ಅಂಚಿನಲ್ಲಿ, ಒಂದು ಕಾಲು ಆಗಲೇ ನೆಲಕ್ಕೆ ಇಳಿದಿರುವ ಹಾಗೆ ಮಲಗುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಮಾಡಿದವನು ಆ ಹಾಸಿಗೆಯಲ್ಲಿ ಇನ್ನೂ ಯಾರು ಮಲಗಿದ್ದಾರೆ ಎಂದು ವಿಚಾರಿಸಿದವನಲ್ಲ.

ಇನ್ನು ನನ್ನ ಹಾಸಿಗೆಯ ಕಥೆ. ನಾನು ಮಲಗುತ್ತಿದ್ದುದು ನಡುಮನೆಯ ನೆಲದ ಮೇಲೆ, ಅತ್ತೆಯ ಕೋಣೆಯ ಬಾಗಿಲಿಗೆ ಅಡ್ಡವಾಗಿ. ಒಂದು ಚಾಪೆ, ಅದರ ಮೇಲೊಂದು ಹಳೆಯ ಜಮಖಾನ. ಅತ್ತೆಗೆ ಒಂದು ಪಕ್ಕ ಬಿದ್ದುಹೋದ ಮೇಲೆ ಅಲ್ಲಿ ಠಿಕಾಣಿ ಹೂಡಿದವಳು ನಾನು. ಮಾತು ತೊದಲುತ್ತಿದ್ದುದರಿಂದ ಅವರು ಕೂಗುತ್ತಿರಲಿಲ್ಲ; ಪಕ್ಕದ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದರು. ಒಂದು ಸಲ ಟಿಣ್ ಎಂದರೆ ನೀರು. ಎರಡು ಸಲವಾದರೆ ಬಚ್ಚಲಿಗೆ ಹೋಗಬೇಕು. ಬಿಡದೆ ಬಡಿದರೆ ಹೆದರಿಕೆಯಾಗಿದೆ, ಬಂದು ಸುಮ್ಮನೆ ಕೂತಿರು ಎಂದರ್ಥ. ಅತ್ತೆ ಕೆಟ್ಟವರಲ್ಲ. ಕೆಲಸ ಮುಗಿದ ಮೇಲೆ ನೆಟ್ಟಗಿದ್ದ ಕೈಯಿಂದ ನನ್ನ ಕೆನ್ನೆ ಸವರಿ, "ಪಾಪ, ನಿನ್ನ ನಿದ್ದೆ" ಎನ್ನುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬಂದದ್ದುಂಟು, ಬೇಡಪ್ಪಾ ಈ ಜನ್ಮ ಎನ್ನಿಸಿದ್ದುಂಟು. ಪ್ರೀತಿ ಮಾತ್ರ ಕಡಿಮೆಯಾಗಲಿಲ್ಲ.

ನನ್ನ ಗಂಡ ಬಸ್ ಡ್ರೈವರ್, ದೂರದ ರೂಟು. ಡ್ರೈವರ್ ನಿದ್ದೆಗೆಟ್ಟರೆ ಹಿಂದೆ ಕೂತ ಐವತ್ತು ಜನರ ಜೀವಕ್ಕೆ ಯಾರು ಹೊಣೆ? ಈ ಮಾತಿಗೆ ಎದುರು ಮಾತಿಲ್ಲ. ಆದ್ದರಿಂದ ದೊಡ್ಡ ಮಂಚ ಅವರೊಬ್ಬರದೇ ಆಯಿತು. ಆ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬರುತ್ತಿದ್ದವಳೂ ನಾನೇ.

ಹೋದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಮಳೆಗಾಲಕ್ಕೆ ಗಂಡ ರಿಟೈರ್ ಆದರು. ನನ್ನ ಮುಟ್ಟು ಪೂರ್ತಿ ನಿಂತದ್ದೂ ಹೆಚ್ಚುಕಡಿಮೆ ಆಗಲೇ. ಮನೆಯಲ್ಲಿ ಎಲ್ಲರದೂ ಒಂದೊಂದು ಮುಗಿಯಿತು, ನನ್ನ ಚಾಪೆಯದು ಮಾತ್ರ ಮುಗಿಯಲಿಲ್ಲ. ಅತ್ತೆ ಹೋದಾಗ ಮನೆ ತುಂಬ ನೆಂಟರು, ಬೇರೆ ಜಾಗವಿರಲಿಲ್ಲ. ನೆಂಟರು ಹೋದ ಮೇಲೆ ನೋಡಿದರೆ ಗಂಡ ಮಂಚದ ನಟ್ಟನಡುವೆ ಮಲಗಿ ಮಲಗಿ ಅಲ್ಲಿಯೇ ಒಂದು ಗುಂಡಿ ಬಿದ್ದಿತ್ತು. ಅತ್ತೆಯ ಮಂಚದ ಮೇಲೆ ಮಲಗಲು ಮನಸ್ಸು ಬರಲಿಲ್ಲ. ಯಾರೂ ಏಳು ಎನ್ನಲಿಲ್ಲ, ನಾನೂ ಏಳಲಿಲ್ಲ. ಮಲಗಿದರೆ ಬರೀ ಕೋಳಿನಿದ್ದೆ. ಮೈ ಒಲೆಯಂತೆ ಕಾದು ಬೆವರು ಇಳಿಯುತ್ತಿತ್ತು. ಆಮೇಲೆ ಎಲ್ಲೋ ಚಮಚದ ಸದ್ದಾದಂತಾಗಿ ಎದ್ದು ಕೂರುತ್ತಿದ್ದೆ. ಅಂಗಡಿ ಪಕ್ಕದ ಚಹಾದವನು ಲೋಟದಲ್ಲಿ ಸಕ್ಕರೆ ಕಲಕಿದರೂ ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಇಡುತ್ತಿತ್ತು.

ಡಾಕ್ಟರಮ್ಮನ ಹತ್ತಿರ ಹೋದೆ. "ಇದು ಮೈ ಋತು ಬದಲಾಯಿಸೋ ಕಾಲ. ನಿಮಗೋಸ್ಕರ ಸ್ವಲ್ಪ ಹೊತ್ತು ಇಟ್ಕೊಳ್ಳಿ, ಚೆನ್ನಾಗಿ ನಿದ್ದೆ ಮಾಡಿ" ಎಂದರು. ಎಲ್ಲಿ ಇಟ್ಟುಕೊಳ್ಳಲಿ ತಾಯಿ, ಅಟ್ಟ ಆಗಲೇ ತುಂಬಿದೆ ಎನ್ನಬೇಕೆನ್ನಿಸಿತು. ತಲೆಯಾಡಿಸಿ ಬಂದೆ. ಒಳ್ಳೆಯವರು, ಅವರ ಕಣ್ಣ ಕೆಳಗೂ ಕಪ್ಪಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಗಂಡ ಪೇಪರ್ ಮಡಚಿಟ್ಟರು. ಅವರು ಪೇಪರ್ ಮಡಚಿದರೆ ನನಗೆ ಏನೋ ಕಾದಿದೆ ಎಂದೇ ಲೆಕ್ಕ.

"ಅಕ್ಕನ ಮಂಡಿ ಆಪರೇಷನ್ ಮುಗೀತು. ಆ ಮನೇಲಿ ಮೆಟ್ಟಿಲು, ನೋಡ್ಕೊಳ್ಳೋರೂ ಇಲ್ಲ. ಚೆನ್ನಾಗಿ ನಡೆಯೋವರೆಗೆ ಇಲ್ಲಿಗೆ ಕರ್ಕೊಂಡು ಬರೋಣ ಅಂತ. ಅಮ್ಮನ ರೂಮ್ ಖಾಲಿ ಇದೆಯಲ್ಲ."

ಅಕ್ಕ ಎಂದರೆ ನನಗೆ ಅತ್ತಿಗೆ. ಗಂಡನನ್ನು ಕಳೆದುಕೊಂಡು ಒಬ್ಬರೇ ಇರುವವರು. ಬೇಡ ಎನ್ನಲು ನನಗೇನೂ ಕಾರಣವಿರಲಿಲ್ಲ.

"ರಾತ್ರಿ ಎಬ್ಬಿಸೋಕೆ ಯಾರಾದ್ರೂ ಬೇಕಲ್ಲ?" ಎಂದೆ.

"ನೀನು ಹೇಗೂ ಅಲ್ಲೇ ಮಲಗ್ತೀಯ. ನಿನಗೆ ಅಭ್ಯಾಸ ಇದೆ. ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳ್ತೀನಿ, ಆಗಬಹುದಾ?"

ಅಭ್ಯಾಸ ಇದೆ. ಅವರು ಅದನ್ನು ಹೊಗಳಿಕೆಯ ಹಾಗೆಯೇ ಹೇಳಿದರು. ಇನ್ನೊಂದು ಸುತ್ತು ಆ ಚಾಪೆಯ ಮೇಲೆ ಮಲಗಿದರೆ ನಾನು ಏಳುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಆದರೂ "ಸಂಜೆ ಹೇಳ್ತೀನಿ" ಎಂದು ಚೀಲ ಎತ್ತಿಕೊಂಡೆ.

ಅವತ್ತು ಮಧ್ಯಾಹ್ನ, ಅಂಗಡಿ ಖಾಲಿಯಿರುವ ಹೊತ್ತಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ಒಬ್ಬರೇ ಬಂದರು. ಹೆಗಲ ಮೇಲೆ ಬೂದು ಬಣ್ಣದ ಶಾಲು. ಯಜಮಾನರು ಹೋಗಿ ಕೆಲವು ತಿಂಗಳಾಯಿತಂತೆ. ಮಕ್ಕಳು, "ಒಬ್ಬಳಿಗೆ ದೊಡ್ಡ ಮಂಚ ಯಾಕೆ, ಸಣ್ಣದು ತಗೋ" ಎಂದರಂತೆ. ಅವರು ಸಣ್ಣ ಮಂಚವನ್ನೇ ನೋಡುತ್ತಿದ್ದರು, ಕೈ ಮಾತ್ರ ಪಕ್ಕದ ದೊಡ್ಡದರ ಮೇಲೆ ಇತ್ತು.

"ಇದರ ಮೇಲೆ ಮಲಗಿ ನೋಡಿ ಅಮ್ಮಾ, ನೋಡೋದಕ್ಕೇನೂ ಖರ್ಚಿಲ್ಲ" ಎಂದೆ. ಮಲಗಿದರು. ಗೋಡೆಯ ಕಡೆಯ ಅಂಚಿಗೆ ಸರಿದು, ಇನ್ನೊಂದು ಅರ್ಧ ಪೂರ್ತಿ ಬಿಟ್ಟು.

"ಅವರು ಎದ್ದು ಎದ್ದು ಓಡಾಡೋರು. ಅವರು ಎದ್ದಾಗೆಲ್ಲ ಮಂಚ ಅಲ್ಲಾಡಿ ನನಗೆ ಎಚ್ಚರ ಆಗೋದು. ಈ ಹಾಸಿಗೆ ಅಲ್ಲಾಡುತ್ತಾ?" ಎಂದು ಕೇಳಿದರು.

ಈಗ ಅಲ್ಲಾಡಿಸುವವರು ಯಾರಿದ್ದಾರೆ ಎಂದು ನಾನು ಕೇಳಲಿಲ್ಲ. ಇಂಥ ಪ್ರಶ್ನೆಗೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಗಿರಾಕಿ ಹೆಂಗಸಾದರೆ, ನಾನು ಚಪ್ಪಲಿ ಬಿಟ್ಟು ಇನ್ನೊಂದು ಪಕ್ಕದಲ್ಲಿ ಮಲಗಿ ಹೊರಳಾಡಿ ತೋರಿಸಬೇಕು. ನಿಯಮಕ್ಕೆ ಇದೊಂದೇ ವಿನಾಯಿತಿ. ಮೊದಲು ತುಂಬಿದ ಲೋಟ ಇಟ್ಟು ತೋರಿಸುತ್ತಿದ್ದೆವು. ಒಬ್ಬ ದಪ್ಪನೆಯ ಆಸಾಮಿ ಧೊಪ್ಪನೆ ಬಿದ್ದು ಹಾಸಿಗೆಯೆಲ್ಲ ನೀರಾದ ಮೇಲೆ ಲೋಟ ಹೋಗಿ ನಾನು ಬಂದೆ.

"ನಾನು ಹೊರಳ್ತೀನಿ. ನಿಮಗೆ ಗೊತ್ತಾದ್ರೆ ಹೇಳಿ" ಎಂದು ಮಲಗಿದೆ. ಎಡಕ್ಕೆ ಹೊರಳಿದೆ. "ಇಲ್ಲ" ಎಂದರು. ಬಲಕ್ಕೆ ಹೊರಳಿದೆ. ಅವರು ಏನಂದರೋ ನನಗೆ ಗೊತ್ತಿಲ್ಲ. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಎನ್ನುತ್ತಾರಲ್ಲ, ಅದು ನನಗಾಗಿಯೇ ಹುಟ್ಟಿದ ಗಾದೆ.

ಎಚ್ಚರವಾದಾಗ ಬಿಸಿಲು ಗಾಜಿನ ಬಾಗಿಲಿನಿಂದ ಸರಿದು ಎದುರು ಗೋಡೆಗೆ ಹೋಗಿತ್ತು. ನನ್ನ ಮೈ ಮೇಲೆ ಬೂದು ಶಾಲು ಹೊದಿಸಿತ್ತು. ಆ ಅಮ್ಮ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಧಡಕ್ಕನೆ ಎದ್ದೆ. ಮೈಯೆಲ್ಲ ನಾಚಿಕೆ.

"ಕೂತ್ಕೋ, ಕೂತ್ಕೋ. ನಿಮ್ಮ ಮಾಲೀಕರು ಬಂದಿದ್ರು. ಇನ್ನೂ ಪರೀಕ್ಷೆ ಮಾಡ್ತಾ ಇದ್ದೀವಿ ಅಂತ ಹೇಳಿ ಕಳಿಸಿದೆ" ಎಂದರು. ಆಮೇಲೆ ನನ್ನ ಮುಖ ನೋಡುತ್ತ, "ನಿದ್ದೇಲಿ 'ಬಂದೆ, ಬಂದೆ' ಅಂತಿದ್ದೆ. ಯಾರು ಕರೀತಾ ಇದ್ರು?"

"ನಮ್ಮತ್ತೆ ಇರಬೇಕು."

"ಮನೇಲಿದ್ದಾರಾ?"

"ತೀರ್ಕೊಂಡ್ರು. ಹೋದ ಬೇಸಿಗೇಲಿ."

ಅವರು ಶಾಲು ಮಡಚಲು ಶುರು ಮಾಡಿದರು. ನಿಧಾನವಾಗಿ ಮಡಚಿದರು. "ನಂದೂ ಹಾಗೇ. ಅವರು ಏಳೋ ಹೊತ್ತಿಗೆ ಈಗಲೂ ಎಚ್ಚರ ಆಗುತ್ತೆ. ಸತ್ತೋರು ಬಂದು ಹೇಳಲ್ಲ. ಬದುಕಿರೋರಾದ್ರೂ ನಿನಗೆ ಹೇಳಬೇಕಿತ್ತು."

"ಏನಂತ?"

"ಇನ್ನು ನೀನು ಬರಬೇಡ ಅಂತ."

ಮಗಳ ಜೊತೆ ಮತ್ತೆ ಬರುತ್ತೇನೆ ಎಂದು ಹೋದರು. ಇವತ್ತಿನವರೆಗೂ ಬಂದಿಲ್ಲ. ಯಾವ ಮಂಚ ತೆಗೆದುಕೊಂಡರೋ, ಎಲ್ಲಿ ತೆಗೆದುಕೊಂಡರೋ.

ಮಾಲೀಕ ನನಗೆ ಮಗನಾಗುವ ವಯಸ್ಸಿನವನು. ಕೌಂಟರಿನ ಹಿಂದೆ ಕೂತು ನನ್ನನ್ನೇ ನೋಡುತ್ತಿದ್ದ. ಕೆಲಸ ಹೋಯಿತು ಎಂದುಕೊಂಡೇ ಹತ್ತಿರ ಹೋದೆ.

"ಅಕ್ಕಾ, ನಿಮಗೆ ಬೈಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ಒಂದು ಜೋಡಿ ಬಂತು. ನೀವು ಬಾಯಿ ತೆಗೆದು ಮಲಗಿದ್ದು ನೋಡಿ, ನಮಗೆ ಇದೇ ಹಾಸಿಗೆ ಬೇಕು ಅಂತ ಬುಕ್ ಮಾಡಿ ಹೋದ್ರು. ಈಗ ಹೇಗೆ ಬೈಲಿ ಹೇಳಿ."

ನಾನು ನಕ್ಕೆ. ನಕ್ಕವಳಿಗೆ ಕಣ್ಣಲ್ಲಿ ನೀರು ಬಂತು. ಅವನು ಗಾಬರಿಯಾಗಿ, "ಹೋಗ್ಲಿ ಬಿಡಿ, ಇವತ್ತು ಬೇಗ ಹೊರಡಿ" ಎಂದ.

ಮನೆಯವರೆಗೂ ನಡೆದೇ ಹೋದೆ. ಸಿಟ್ಟು ಬರಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕು. ನನ್ನಲ್ಲಿ ಉಳಿದಿದ್ದದ್ದು ಅಂಗಡಿಯಲ್ಲಿ ಮಾಡಿದ ಆ ಅಷ್ಟು ನಿದ್ದೆ ಮಾತ್ರ. ಅಷ್ಟರಲ್ಲೇ ಎರಡು ಮಾತು ಆಡಿ ಮುಗಿಸಬೇಕಿತ್ತು.

ಗಂಡ ಫೋನ್ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. "ಏನು ಹೇಳ್ಲಿ ಅಕ್ಕನಿಗೆ?"

"ಬರಲಿ ಅನ್ನಿ. ಬೆಳಗ್ಗೆ ಸ್ನಾನ ಮಾಡ್ಸೋದು, ಬಟ್ಟೆ ಹಾಕೋದು ನಾನು ಮಾಡ್ತೀನಿ. ಹಗಲು ನೀವು ಮನೇಲೇ ಇರ್ತೀರಲ್ಲ. ರಾತ್ರಿಯೂ ನಿಮ್ಮದೇ. ಬಚ್ಚಲವರೆಗೆ ಕೈ ಹಿಡ್ಕೊಂಡು ಹೋದರೆ ಸಾಕು, ಒಡಹುಟ್ಟಿದ ಅಕ್ಕ."

"ನನ್ನ ರೂಮಿಗೆ ಕೇಳಿಸಬೇಕಲ್ಲ?"

ನಾನು ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ತಂದು ಅವರ ಕಾಲ ಬಳಿ ಇಟ್ಟೆ. "ರೂಮಿಗೆ ಕೇಳಿಸಲ್ಲ. ಇಲ್ಲಿ ಮಲಗಿದ್ರೆ ಕೇಳಿಸುತ್ತೆ. ನಾನು ಒಳಗೆ ಮಂಚದ ಮೇಲೆ ಮಲಗ್ತೀನಿ."

"ಏನೇ ಇದು? ನನಗೆ ನೆಲದ ಮೇಲೆ ನಿದ್ದೆ ಬರಲ್ಲ ಅಂತ ಗೊತ್ತಿಲ್ವಾ?"

"ಗೊತ್ತು ರೀ. ಆದ್ರೆ ಈಗ ನಿಮ್ಮ ಹಿಂದೆ ಐವತ್ತು ಜನ ಕೂತಿಲ್ಲ. ನಾನು ಬೆಳಗ್ಗೆ ಎದ್ದು ದಿನವಿಡೀ ನಿಲ್ಲಬೇಕು." ಚಾಪೆಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ. "ನನ್ನ ಕೈಲಿ ಆಗಲ್ಲ. ಆಗ್ತಾ ಇಲ್ಲ. ಇಷ್ಟೇ."

ಅವರು ಚಾಪೆಯನ್ನು ನೋಡಿದರು, ಫೋನ್ ನೋಡಿದರು. ನಿಂತ ಬಸ್ಸು ಯಾಕೆ ನಿಂತಿತು ಎಂದು ತಿಳಿಯದ ಡ್ರೈವರಿನ ಮುಖ.

ಅತ್ತಿಗೆ ಬಂದರು. ವಾಕರ್ ಹಿಡಿದು, ಹೆಜ್ಜೆ ಹೆಜ್ಜೆಗೂ "ಅಯ್ಯೋ ನಿಮಗೆಲ್ಲ ತೊಂದರೆ" ಎನ್ನುತ್ತ ಬಂದರು. ಗಂಡನೇ ಅವರ ತಲೆದಿಂಬಿನ ಪಕ್ಕ ಲೋಟ, ಚಮಚ ಇಟ್ಟರು. ಅದೇ ಲೋಟ. ನಾನು ದೊಡ್ಡ ಮಂಚದ ಮೇಲೆ ಹೋಗಿ ಮಲಗಿದೆ. ಅಂಚಿನಲ್ಲೇ ಮಲಗಿದ್ದೆ, ಆ ಗುಂಡಿಗೆ ಯಾವಾಗ ಜಾರಿದೆನೋ ತಿಳಿಯದು. ನಡುವೆ ಒಮ್ಮೆ "ಬಂದೆ" ಎಂದು ಬಾಯಿಗೆ ಬಂತು. ಹೊರಗೆ ಗಂಡನ ಚಪ್ಪಲಿಯ ಸದ್ದು ಕೇಳಿ ಮಗ್ಗುಲು ಬದಲಿಸಿದೆ.

ಬೆಳಗ್ಗೆ ಹೊರಗೆ ಬಂದು ನೋಡಿದರೆ ಅವರು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೂದಲು ಕೆದರಿ, ಕಣ್ಣು ಕೆಂಡವಾಗಿತ್ತು.

"ಅತ್ತಿಗೆ ತುಂಬ ಸಲ ಕರೆದ್ರಾ?"

"ಇಲ್ಲ. ಒಂದು ಸಲಾನೂ ಕರೀಲಿಲ್ಲ."

"ಮತ್ತೆ ಮಲಗಬೇಕಿತ್ತಲ್ಲ."

"ಹೇಗೆ ಮಲಗ್ಲಿ? ಈಗ ಕರೀತಾಳೇನೋ, ಈಗ ಕರೀತಾಳೇನೋ ಅಂತ..." ಚಾಪೆಯ ಕಿತ್ತುಹೋದ ಅಂಚನ್ನು ಬೆರಳಿನಿಂದ ಸರಿಪಡಿಸಿದರು. "ಅಮ್ಮ ಹೋದ ಮೇಲೂ ನೀನು ಇಲ್ಲೇ ಮಲಗ್ತಿದ್ದೆ."

"ಹೂಂ."

"ನಾನು ಏಳು ಅನ್ನಲೇ ಇಲ್ಲ."

"ಇಲ್ಲ. ಅನ್ನಲಿಲ್ಲ."

ಈ ಮಾತು ಎಂದಾದರೂ ಬಂದರೆ ಗೋಳೋ ಎಂದು ಅತ್ತುಬಿಡುತ್ತೇನೆ ಎಂದುಕೊಂಡಿದ್ದೆ. ಅಳು ಬರಲಿಲ್ಲ, ನಿದ್ದೆಯಾಗಿತ್ತು. ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋದೆ.

ಒಳಗಿನಿಂದ ಟಿಣ್ ಎಂದಿತು.

ನನ್ನ ಕಾಲು ತಾನಾಗಿ ತಿರುಗಿತು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಬಾಗಿಲವರೆಗೆ ಬಂದಿದ್ದೆ. ಅಷ್ಟರಲ್ಲಿ ಅವರು ನೆಲಕ್ಕೆ ಕೈಯೂರಿ, ಒಂದೊಂದೇ ಮಂಡಿ ಎತ್ತಿಕೊಂಡು ಏಳುತ್ತಿದ್ದರು.

"ನೀನು ಬರಬೇಡ" ಎಂದರು. "ನಾನು ಹೋಗ್ತೀನಿ."

ನಾನು ವಾಪಸ್ಸು ಹೋಗಿ ಒಲೆಯ ಮುಂದೆ ನಿಂತೆ.